ತಂಗಿಯ ಕಬ್ಬು ಹೂ ಬಿಟ್ಟ ವರ್ಷ

ಮದರಾಸು ಸರ್ಕಾರದ ಕಾಲದಲ್ಲಿ ರಾಯದುರ್ಗದ ಹತ್ತಿರ, ಸಾಹುಕಾರರೊಬ್ಬರ ದೊಡ್ಡ ನೀರಾವರಿ ಕಬ್ಬಿನ ತೋಟವನ್ನು ನಾನು ನೋಡಿಕೊಳ್ಳುತ್ತಿದ್ದೆ. ಓದಿದ್ದು ನಾಲ್ಕನೆಯ ತರಗತಿ ಮಾತ್ರ. ಸುತ್ತಲಿನ ರೈತರೂ ಕಬ್ಬನ್ನು ನಮ್ಮ ಗಾಣಕ್ಕೇ ತರುತ್ತಿದ್ದರು. ಯಾರ ಹೊಲವನ್ನು ಯಾವಾಗ ಕಡಿಯಬೇಕೆಂದು ಹೇಳುವವನು ನಾನೇ. ಮೊದಲು ನೆಟ್ಟವರಿಗೆ ಮೊದಲ ಸರದಿ ಎಂಬುದು ಪದ್ಧತಿ.

ಆ ವರ್ಷ ಎಲ್ಲರಿಗಿಂತ ಮೊದಲು ನೆಟ್ಟವಳು ನನ್ನ ತಂಗಿ. ತಂಗಿಯೆಂದು ಮೊದಲ ಸರದಿ ಕೊಟ್ಟ ಎಂದು ಜನ ಆಡಿಕೊಂಡಾರೆಂದು ಹೆದರಿ ಅವಳನ್ನು ಕೊನೆಗೆ ತಳ್ಳಿದೆ. ಕಾದು ಕಾದು ಅವಳ ಕಬ್ಬು ಹೂ ಬಿಟ್ಟಿತು. ಹೂ ಬಿಟ್ಟ ಕಬ್ಬು ಒಳಗೆ ಬೆಂಡಾಗುತ್ತದೆ, ರಸ ಕಡಿಮೆಯಾಗುತ್ತದೆ.

ಒಂದು ಬೆಳಿಗ್ಗೆ ಅವಳು ಆ ಹೂವನ್ನು ಹಿಡಿದುಕೊಂಡು ಬಂದು ಗಾಣದ ಮುಂದೆ, ಎಲ್ಲ ರೈತರ ಎದುರು ನಿಂತಳು.

“ಯಾಕಣ್ಣಾ, ನ್ಯಾಯವಂತ ಅನ್ನಿಸ್ಕೊಳ್ಳಾಕ ನಿನಗ ನನ್ನ ಹೊಲಾನ ಬೇಕಾಗಿತ್ತೇನು?”

“ಸರದಿ ಬರ್ಲಿ, ತಡಿಯವ್ವ,” ಎಂದೆ.

“ನಿನ್ನ ಸರದಿ ನೀನ ಇಟ್ಕೋ. ಈ ಹೂವನೂ ಪೇಟಕ್ಕ ಸಿಗಿಸ್ಕೋ!” ಎಂದು ಅದನ್ನು ನನ್ನ ಕಾಲ ಬಳಿ ಎಸೆದಳು. ಯಾರೋ ನಕ್ಕರು.

ಎತ್ತಿನ ಗಾಣ ತರಿಸಿ ತಾನೇ ಬೆಲ್ಲ ಮಾಡಿದಳು. ಅದು ಕಪ್ಪಾಯಿತು, ಅಚ್ಚು ಸರಿಯಾಗಿ ನಿಲ್ಲಲಿಲ್ಲ. ಆದರೂ ಸಂತೆಯಲ್ಲಿ ತಲೆಯೆತ್ತಿ ಕೂತು ಮಾರಿದಳು. ಯಾಕೆ ಕಪ್ಪು ಎಂದು ಕೇಳಿದವರಿಗೆಲ್ಲ, “ನಮ್ಮಣ್ಣನ್ನ ಕೇಳ್ರಿ,” ಎನ್ನುತ್ತಿದ್ದಳು.

ಕೆಲವರು ಬಂದು ಕೇಳಿಯೂ ಕೇಳಿದರು. ಅವಳು ತಡವಾಗಿ ನೆಟ್ಟಳೆಂದು ಸುಳ್ಳು ಹೇಳಿದೆ. ಪಕ್ಷಪಾತವಿಲ್ಲದ ಮನುಷ್ಯ ಎಂದು ಊರು ಇಂದಿಗೂ ನನ್ನನ್ನು ಹೊಗಳುತ್ತದೆ. ಆ ಹೊಗಳಿಕೆ ನನಗೆ ಬೇಡ. ಮೊದಲ ಸರದಿ ಅವಳದೇ ಆಗಿತ್ತು.