ಹಲ್ಲಿನಿಂದ ಕೇಳುವ ಮಿಸ್ತ್ರಿ

ಸಿಂಧನೂರಿನ ಕಾಸೀಮಸಾಬ ಮಿಸ್ತ್ರಿಯವರು ಇಂಜಿನ್ನಿನ ಸದ್ದನ್ನು ಹಲ್ಲಿನಿಂದ ಕೇಳುತ್ತಿದ್ದರು. ಹತ್ತಿ ಗಿರಣಿಯ ಇಂಜಿನ್ ಮಗ್ಗುಲಲ್ಲಿ ಇಪ್ಪತ್ತು ವರ್ಷ ದುಡಿದು ಅವರ ಎರಡೂ ಕಿವಿ ಮಂದವಾಗಿದ್ದವು. ಅದಕ್ಕಾಗಿ ಮೊಳದುದ್ದದ ಒಂದು ಹುಣಸೆ ಕಟ್ಟಿಗೆ ಯಾವಾಗಲೂ ಅವರ ಬಗಲಲ್ಲಿ ಇರುತ್ತಿತ್ತು. ಅದರ ಒಂದು ತುದಿಯನ್ನು ನಡೆಯುತ್ತಿರುವ ಇಂಜಿನ್ನಿಗೆ ಆನಿಸಿ, ಇನ್ನೊಂದು ತುದಿಯನ್ನು ಮುಂದಿನ ಹಲ್ಲುಗಳಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಂತುಬಿಡುವರು. ಆ ಹೊತ್ತಿಗೆ ಯಾರಾದರೂ ಕೆಮ್ಮಿದರೆ ನಮಗೇ ಸಿಟ್ಟು ಬರುತ್ತಿತ್ತು, ಅವರಿಗೇನೂ ಕೇಳದಿದ್ದರೂ.

ಸ್ಪ್ಯಾನರ್ ಹಿಡಿಯುವುದಕ್ಕಿಂತ ಮೊದಲು ಅವರು ಅರ್ಧ ತಾಸಾದರೂ ಕಟ್ಟಿಗೆ ಹಿಡಿಯುತ್ತಿದ್ದರು. ಗಿರಾಕಿ ಅವಸರ ಮಾಡಿದರೆ ಒಂದೇ ಮಾತು: "ಬಿಚ್ಚೋದು ಕಲಿಯಾಕ ಒಂದಿನ ಸಾಕು. ಬಿಚ್ಚದಂಗ ಇರೋದು ಕಲಿಯಾಕ ಜೀವಮಾನ ಬೇಕು." ಒಮ್ಮೆ ಪಕ್ಕದ ಓಣಿಯ ಮುದುಕಿಯೊಬ್ಬಳು ಮೇವು ಬಿಟ್ಟ ಎಮ್ಮೆಯನ್ನೇ ಹಿಡಿದುಕೊಂಡು ಬಂದಳು. ಮಿಸ್ತ್ರಿ ಬೇಡವೆನ್ನಲಿಲ್ಲ. ಎಮ್ಮೆಯ ಪಕ್ಕೆಗೆ ಕಟ್ಟಿಗೆ ಇಟ್ಟು ಕೇಳಿ, "ಇಂಜಿನ್ ಭೇಷ್ ಐತಿ ಯಮ್ಮಾ, ಗಾಲಿ ನೋಡು" ಅಂದರು. ನೋಡಿದರೆ ಹಿಂಗಾಲಿನ ಗೊರಸಿನ ಸಂದಿಯಲ್ಲಿ ಜಾಲಿಮುಳ್ಳು.

ಅವರಲ್ಲಿ ಒಂದೇ ಕೊರತೆ. ತಮಗೆ ತಮ್ಮ ದನಿ ಕೇಳುತ್ತಿರಲಿಲ್ಲವಾದ್ದರಿಂದ ಸಣ್ಣಗೆ ಮಾತಾಡುವುದು ಅವರಿಗೆ ಮರೆತೇ ಹೋಗಿತ್ತು. ಬೀಬಿಗೆ ಗುಟ್ಟಾಗಿ "ಇವತ್ತು ಕೋಳಿ ಮಾಡು" ಅಂದರೆ ಸಂಜೆಗೆ ಮೂರು ಮನೆಯ ನೆಂಟರು ಬಂದು ಕೂತಿರುತ್ತಿದ್ದರು.

ಆಗ ನಾನು ಮಸ್ಕಿಯ ಗೌಡರ ಮೋಟಾರು ಓಡಿಸುತ್ತಿದ್ದೆ. ಸುತ್ತಲ ಹತ್ತು ಊರಿಗೆ ಅದೊಂದೇ ಮೋಟಾರು. ತುರ್ವಿಹಾಳದ ನನ್ನ ಭಾವೀ ಮಾವ, ಹೊಲ ಮನೆ ಏನನ್ನೂ ಕೇಳದೆ, ಮೋಟಾರು ಓಡಿಸುವ ಹುಡುಗ ಅನ್ನುವ ಒಂದೇ ಕಾರಣಕ್ಕೆ ಮಗಳನ್ನು ಕೊಡಲು ಒಪ್ಪಿದ್ದರು. ದೀಪಾವಳಿ ಕಳೆದ ಮೇಲೆ ಮದುವೆ. ಗೌಡರಿಗೆ ಮೋಟಾರಿನ ವಿಷಯ ಏನೂ ತಿಳಿಯದು, ಒಂದನ್ನು ಬಿಟ್ಟು. ಗಾಡಿ ಮಾರಿದವನು ಮುಂದಿನ ಹಲಗೆಯಲ್ಲಿದ್ದ ದುಂಡನೆಯ ಗಡಿಯಾರದಂಥದ್ದನ್ನು ತೋರಿಸಿ, "ಇದು ಇಂಜಿನ್ ಎಣ್ಣಿ ಒತ್ತಡ ತೋರಸ್ತೈತ್ರಿ. ಮುಳ್ಳು ಕೆಳಗ ಬಿತ್ತಂದ್ರ ಇಂಜಿನ್ ಸತ್ತಂಗ" ಎಂದು ಹೇಳಿಹೋಗಿದ್ದ. ಅಂದಿನಿಂದ ಗೌಡರು ಹಿಂದಿನ ಸೀಟಿಗೆ ಬೆನ್ನು ಆನಿಸಿದವರೇ ಅಲ್ಲ. ನನ್ನ ಹೆಗಲ ಮೇಲಿಂದ ಮುಂದಕ್ಕೆ ಬಾಗಿ ಆ ಮುಳ್ಳನ್ನೇ ನೋಡುತ್ತ ಕೂಡುವರು. ಅವರ ಮೀಸೆ ನನ್ನ ಕಿವಿಗೆ ತಾಗುತ್ತಿತ್ತು.

ಆ ವರ್ಷ ದಸರೆ ಕಳೆದ ನಾಲ್ಕನೇ ದಿನ, ಮಸ್ಕಿಯಿಂದ ಸಿಂಧನೂರಿಗೆ ಹೊರಟ ದಾರಿಯಲ್ಲಿ, ಮುಳ್ಳು ಬಿದ್ದೇಬಿಟ್ಟಿತು.

"ನಿಂದರಸಲೇ!" ಎಂದು ಗೌಡರು ಕೂಗಿದ ರಭಸಕ್ಕೆ ಹೊಲದಲ್ಲಿದ್ದ ಬೆಳ್ಳಕ್ಕಿಗಳು ಎದ್ದವು. ಎದುರಿಗೆ ಬಂದ ಲಾರಿಯವನು ಇಳಿದು ನೋಡಿ, "ಬೇರಿಂಗ್ ಹೋಗ್ಯಾವ್ರಿ, ಇಂಜಿನ್ ಪೂರಾ ಬಿಚ್ಚಬೇಕು" ಎಂದು ತಲೆಯಾಡಿಸಿ ಹೋದ. ಗೌಡರು ನನ್ನ ಕಡೆ ತಿರುಗಿದರು. "ನೀ ಎಣ್ಣಿ ಹಾಕಿಲ್ಲ ಬಸ್ಯಾ. ನಿನ್ನ ಕಸೂರ್ ಅಂತ ಮಿಸ್ತ್ರಿ ಹೇಳಲಿ, ಅಲ್ಲೇ ಕೀಲಿ ಇಟ್ಟು ಮನಿಗೆ ನಡಿ." ಎರಡು ಜೊತೆ ಎತ್ತು ಹೂಡಿ ಮೋಟಾರನ್ನು ಸಿಂಧನೂರಿಗೆ ಎಳೆಸಿದೆವು. ಎತ್ತು ಎಳೆಯುವ ಬಂಡಿಯ ಸ್ಟೇರಿಂಗ್ ಹಿಡಿದು ಊರ ನಡುವೆ ಬಂದ ನನ್ನ ಪಾಡು ಯಾವ ವೈರಿಗೂ ಬೇಡ. ಜನ ನಗುತ್ತಿದ್ದರು, ನಾನು ಮಾತ್ರ ತುರ್ವಿಹಾಳದ ಮಾವ ಆ ಗುಂಪಿನಲ್ಲಿ ಇದ್ದಾರೆಯೇ ಎಂದು ಹುಡುಕುತ್ತಿದ್ದೆ.

ಮಿಸ್ತ್ರಿಯ ಬೇವಿನ ಮರದ ಕೆಳಗೆ ಗೌಡರಿಗೆ ಹೊರಸು ಹಾಕಿದರು. ಮಿಸ್ತ್ರಿ ಮೊದಲು ಇಂಜಿನ್ನಿನಿಂದ ಅಳತೆಕಡ್ಡಿ ಎಳೆದು ನೋಡಿದರು. ಎಣ್ಣೆ ಗೆರೆಯವರೆಗೆ ಇತ್ತು. ಆಮೇಲೆ ನನಗೆ ಇಂಜಿನ್ ಶುರು ಮಾಡಲು ಸನ್ನೆ ಮಾಡಿ ಕಟ್ಟಿಗೆ ಕಚ್ಚಿದರು. ನಾನು ನೆನೆಸದ ದೇವರಿಲ್ಲ. ಕಡೆಗೆ ಕಣ್ಣು ತೆರೆದು, "ಬೇರಿಂಗ್ ಮಕ್ಕಳಂಗ ಮಲಗ್ಯಾವ. ಒಳಗ ಎಣ್ಣಿ ಓಡ್ಯಾಡಾಕತ್ತೈತಿ. ಮುಳ್ಳು ಸುಳ್ಳು ಹೇಳಾಕತ್ತೈತಿ, ಇಂಜಿನ್ ಅಲ್ಲ" ಅಂದರು.

ಗೌಡರಿಗೆ ನಂಬಿಕೆ ಬರಲಿಲ್ಲ. ಎದ್ದು ಬಂದು ಇಣುಕಿದರು. ಇಂಜಿನ್ನಿನಿಂದ ಆ ಗಡಿಯಾರದವರೆಗೆ ಎಣ್ಣೆ ಒಯ್ಯಲು ಕಡ್ಡಿಯಷ್ಟು ಸಣ್ಣನೆಯ ತಾಮ್ರದ ನಳಿಗೆ ಇತ್ತು. ಮಿಸ್ತ್ರಿ ಇಂಜಿನ್ ಕಡೆಯ ತುದಿಯನ್ನು ಸಡಿಲಿಸಿ, "ಸರೀರಿ ಗೌಡ್ರ" ಅನ್ನುವಷ್ಟರಲ್ಲಿ ಕರಿ ಎಣ್ಣೆ ಚಿಮ್ಮಿ ಗೌಡರ ಬಿಳಿ ಮಲ್ಲುಬಟ್ಟೆಯ ಧೋತರದ ಮೇಲೆ ನಕ್ಷೆ ಬರೆಯಿತು. "ನೋಡಿದ್ರ್ಯಾ? ಒತ್ತಡ ಇಲ್ಲಂತೀರಿ!" ಎಂದು ಮಿಸ್ತ್ರಿ ನಕ್ಕರು. ಗೌಡರು ಧೋತರ ಝಾಡಿಸುತ್ತ ಹೊರಸಿಗೆ ಹೋಗಿ, ಮರದ ಕಡೆ ಮುಖ ಮಾಡಿ ಅಡ್ಡಾದರು. ಆ ತುದಿಯನ್ನು ಮತ್ತೆ ಬಿಗಿದು, ಗಡಿಯಾರದ ಕಡೆಯ ತುದಿ ಬಿಚ್ಚಿದಾಗ ಒಂದು ಹನಿಯೂ ಬರಲಿಲ್ಲ. ಅಂದರೆ ರೋಗ ಇದ್ದದ್ದು ನಡುವಿನ ನಳಿಗೆಯಲ್ಲಿ. ಮಿಸ್ತ್ರಿ ಇಂಜಿನ್ ನಿಲ್ಲಿಸಲು ಹೇಳಿ, ನಳಿಗೆಯ ಗುಂಟ ಬೆರಳಾಡಿಸುತ್ತ ಹೋಗಿ, ಒಂದು ಕಡೆ ತಡೆದು, ನನ್ನ ಮುಖ ನೋಡಿದರು.

ಅಲ್ಲಿ ಅರಿಸಿನ ಹಚ್ಚಿದ ದಾರವಿತ್ತು. ಅದರಲ್ಲಿ ಒಣಗಿದ ಎರಡು ಬನ್ನಿ ಎಲೆ. ಆಯುಧಪೂಜೆಯ ದಿನ ಸ್ಟೇರಿಂಗಿಗೆ ಹೂವಿನ ಹಾರ ಹಾಕಿ, ದೀಪಕ್ಕೆ ವಿಭೂತಿ ಹಚ್ಚಿ, ಇಂಜಿನ್ನಿಗೂ ಒಂದು ಕಂಕಣ ಇರಲಿ ಎಂದು ನಾನೇ ಕಟ್ಟಿದ್ದೆ. ಕಟ್ಟಲು ಬೇರೆ ಜಾಗ ಸಿಗದೆ, ಹೆಣ್ಣುಮಗಳ ಮುಂಗೈಯಂತೆ ತೆಳ್ಳಗಿದ್ದ ಆ ನಳಿಗೆಯನ್ನೇ ಪಕ್ಕದ ಕಬ್ಬಿಣದ ಸರಳಿಗೆ ಸೇರಿಸಿ, ಬಿಚ್ಚದಿರಲಿ ಎಂದು ಇಕ್ಕಳದಿಂದ ಎಳೆದು ಬಿಗಿದಿದ್ದೆ. ನಾಲ್ಕೈದು ದಿನ ಕುಲುಕಾಡಿ ನಳಿಗೆ ಅಲ್ಲಿ ಮಡಚಿಕೊಂಡಿತ್ತು. ಭಕ್ತಿ ಹೆಚ್ಚಾಗಿ ದೇವರ ಕುತ್ತಿಗೆಯನ್ನೇ ಹಿಚುಕಿದ ಹಾಗಾಗಿತ್ತು.

ಮಿಸ್ತ್ರಿ ದಾರ ಕತ್ತರಿಸಿ ಮುಷ್ಟಿಯಲ್ಲಿ ಮುಚ್ಚಿಕೊಂಡು, ನನ್ನ ರಟ್ಟೆ ಹಿಡಿದು ಮೋಟಾರಿನ ಹಿಂದಕ್ಕೆ ಎಳೆದೊಯ್ದರು. ಅಲ್ಲಿ ನನ್ನ ಕಿವಿಗೆ ಬಾಯಿ ಹಚ್ಚಿ, ತಮ್ಮ ಪಾಲಿಗೆ ಪಿಸುದನಿಯಲ್ಲಿ ಹೇಳಿದರು:

"ಲೇ ಬಸ್ಯಾ! ನಿನ್ನ ಕಂಕಣಾನೇ ನಳಿಗಿ ಹಿಚುಕೈತಿ! ಹೆದರಬ್ಯಾಡ! ನಿನ್ನ ಲಗ್ನ ಐತಿ, ನನಗ ಗೊತ್ತೈತಿ! ಗೌಡ್ರ ಮುಂದ ನಾ ತುಟಿ ಬಿಚ್ಚಂಗಿಲ್ಲ, ಖುದಾನ ಕಸಮ್!"

ಬಜಾರಿನಲ್ಲಿ ಕಡಲೆ ಅಳೆಯುತ್ತಿದ್ದವನು ಸೇರು ಎತ್ತಿ ಹಿಡಿದು ನಮ್ಮ ಕಡೆ ನೋಡಿದ. ನಾನು ಹೊರಸಿನ ಕಡೆ ಕಣ್ಣು ಹಾಯಿಸಿದೆ. ಗೌಡರು ಅಲುಗಲಿಲ್ಲ. ಸಣ್ಣಗೆ ಗೊರಕೆಯೂ ಕೇಳಿಸಿತು. ಮನೆದೇವರಿಗೆ ಐದು ಕಾಯಿ ಹರಕೆ ಹೊತ್ತೆ.

ಮಡಚಿದ ತುಂಡು ಕತ್ತರಿಸಿ, ನಳಿಗೆಗೆ ಬೆಸುಗೆ ಹಾಕಿ ಮಿಸ್ತ್ರಿ ಇಂಜಿನ್ ಶುರು ಮಾಡಿಸಿದಾಗ ಮುಳ್ಳು ನೆಟ್ಟಗೆ ಎದ್ದು ನಿಂತಿತು. ಆ ಸದ್ದಿಗೆ ಎದ್ದು ಬಂದ ಗೌಡರು, "ಏನಾಗಿತ್ತೋ ಮಿಸ್ತ್ರಿ?" ಎಂದು ಕೂಗಿ ಕೇಳಿದರು. "ನಳಿಗಿ ಮಡಚಿತ್ರಿ. ಡ್ರೈವರ್ ಎಣ್ಣಿ ಬರೋಬ್ಬರಿ ಹಾಕ್ಯಾನ್ರಿ" ಅಂದರು ಮಿಸ್ತ್ರಿ. ಎರಡೂ ಖರೇ ಮಾತುಗಳೇ. ಗೌಡರು ನನ್ನನ್ನೊಮ್ಮೆ ನೋಡಿ, "ಹತ್ತು, ಹೊತ್ತಾತು" ಎಂದಷ್ಟೇ ಹೇಳಿದರು. ದೀಪಾವಳಿ ಕಳೆದ ಮೇಲೆ ನನ್ನ ಮದುವೆಯಾಯಿತು.

ಆಮೇಲಿನ ಪ್ರತಿ ದಸರೆಗೂ ಮೊದಲ ಬನ್ನಿಯನ್ನು ಸಿಂಧನೂರಿಗೆ ಒಯ್ದು ಮಿಸ್ತ್ರಿಯ ಕೈಯಲ್ಲಿಡುತ್ತಿದ್ದೆ. "ಬಂಗಾರದಂಗ ಇರೂಣು ಕಾಕಾ" ಅಂದರೆ, "ಗೌಡಗ ಇನ್ನೂ ಗೊತ್ತಾಗಿಲ್ಲ ಹೌದಿಲ್ಲೋ?" ಎಂದು ಓಣಿಗೆಲ್ಲ ಕೇಳುವಂತೆ ಪಿಸುಗುಟ್ಟುವರು.

ಕೊನೆಯ ಸಲ ಕಂಡಾಗ ಅವರು ಲಿಂಗಸುಗೂರಿನ ಮಗಳ ಮನೆಯಲ್ಲಿದ್ದರು. ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ. "ಹಲ್ಲು ಹೋದುವು ಬಸ್ಯಾ, ಈಗ ನಾ ಖರೇ ಕಿವುಡ ಆದೆ" ಎಂದು ನಕ್ಕರು. ಆದರೂ ಅಂಗಳದಲ್ಲಿ ಇಂಜಿನ್ ನಡೆಯುತ್ತಿದ್ದ ನಮ್ಮ ಮೋಟಾರಿನ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತರು. ಅಂಗೈಗೆ ಏನು ಕೇಳಿಸಿತೋ, "ಛಲೋ ಇಟ್ಟೀದಿ" ಅಂದರು. ಎರಡು ತಿಂಗಳಿಗೆ ಅವರು ತೀರಿಕೊಂಡ ಖಬರು ಬಂತು. ಗೌಡರೇ, "ಗಾಡಿ ತಗಿ, ಮಣ್ಣಿಗೆ ಹೋಗಬೇಕು" ಅಂದರು.

ಮಣ್ಣು ಮುಗಿಸಿ ಮಸ್ಕಿಗೆ ತಿರುಗಿದಾಗ ನನಗೆ ತಡೆಯಲಾಗಲಿಲ್ಲ. "ಗೌಡ್ರ, ಅವತ್ತು ಮುಳ್ಳು ಬಿದ್ದದ್ದು ನನ್ನ ಕಸೂರ್ ಇತ್ರಿ" ಅಂದೆ.

"ಕಂಕಣ ಕಟ್ಟಿದ್ದಿ. ಅದನ್ನ ಈಗ ಹೇಳಾಕತ್ತೀಯೇನು? ಅವನ ಪಿಸುಮಾತು ಮಸ್ಕಿ ಗುಡ್ಡಕ್ಕ ಕೇಳೈತಿ, ಮಾರು ದೂರ ಇದ್ದ ನನಗ ಕೇಳಿರಂಗಿಲ್ಲೇನು?"

"ಮತ್ತ ಗೊರಕಿ ಹೊಡಿಯಾಕತ್ತಿದ್ರೆಲ್ರಿ?"

"ಹೊಡೀಲಿಲ್ಲಂದ್ರ ಹೆಂಗ? ಖುದಾನ ಮ್ಯಾಲೆ ಆಣಿ ಮಾಡ್ಯಾನ ಮುದುಕ. ನಾ ಕೇಳಿದೆ ಅಂದಿದ್ರ ಅವನ ಮಾತು ಮಣ್ಣಾಗತಿತ್ತು."

ಹೀಗೆಂದು ಗೌಡರು ಎಂದಿನಂತೆ ನನ್ನ ಹೆಗಲ ಮೇಲಿಂದ ಬಾಗಿ ಮುಳ್ಳು ನೋಡುತ್ತ ಕೂತರು. ಮುಳ್ಳು ನೆಟ್ಟಗೆ ಇತ್ತಂತೆ. ನನ್ನ ಕಣ್ಣು ತುಂಬಿ ನನಗೆ ಅದು ಕಾಣುತ್ತಿರಲಿಲ್ಲ.