ಕಾಲೂರದ ದತ್ತು ಮಾಮಾ

ದತ್ತು ಮಾಮಾ ನಮ್ಮ ಮನೆಗೆ ಬಂದರೆ ಚಹಾ ಕುಡಿಯುತ್ತಿದ್ದದ್ದು ಸೈಕಲ್ಲಿನ ಮೇಲೆಯೇ. ಕಾಲು ನೆಲಕ್ಕೆ ಊರುತ್ತಿರಲಿಲ್ಲ, ಗೋಡೆಗೆ ಕೈ ಹಚ್ಚುತ್ತಿರಲಿಲ್ಲ. ಮುಂದಿನ ಗಾಲಿಯನ್ನು ಓರೆ ಮಾಡಿ, ಪೆಡಲ್ಲುಗಳ ಮೇಲೆ ನಿಂತು, ಒಂದು ಕೈಯಲ್ಲಿ ಬ್ರೇಕ್, ಇನ್ನೊಂದು ಕೈಯಲ್ಲಿ ಬಸಿ ಹಿಡಿದು ಊದಿ ಊದಿ ಕುಡಿಯುತ್ತಿದ್ದರು. ಅಂಗಳದ ಕೋಳಿಗಳು ಗಾಲಿಯ ಸುತ್ತ ಕಾಳು ಹೆಕ್ಕುತ್ತಿದ್ದವು. ಹೊಸ ಸೊಸೆಯಾದ ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ.

ಅವರು ನನ್ನ ಅತ್ತೆಯ ತಮ್ಮ. ಜುಗೂಳದಲ್ಲಿ ನಮ್ಮ ಓಣಿಯಲ್ಲೇ ಸೈಕಲ್ ಅಂಗಡಿ ಇಟ್ಟಿದ್ದರು. ಹರೆಯದಲ್ಲಿ ಮಿರಜದಲ್ಲಿ ಒಬ್ಬ ಸೈಕಲ್ ಸರ್ಕಸ್ಸಿನವನನ್ನು ನೋಡಿ ಬಂದವರು, ಮರುದಿನದಿಂದಲೇ ಬೀಳಲು ಶುರು ಮಾಡಿದರಂತೆ. ಬಿದ್ದು ಬಿದ್ದು ಹನುಮಪ್ಪನ ಗುಡಿಯ ಕಟ್ಟೆಯನ್ನು ಸೈಕಲ್ಲಿನಲ್ಲೇ ಹತ್ತುವುದು, ನೆಲಕ್ಕಿಟ್ಟ ಎತ್ತಿನ ಗಾಡಿಯ ನೊಗವನ್ನು ಜಿಗಿಯುವುದು ಕಲಿತರು. ಮೊಮ್ಮಕ್ಕಳಾದ ನೀವು ಈಗ ಫೋನಿನಲ್ಲಿ ನೋಡಿ ಬಾಯಿ ತೆರೆಯುವ ಆಟವನ್ನು ಅವರು ಧೋತರ ಉಟ್ಟು ಆಡುತ್ತಿದ್ದರು.

ಹೆಚ್ಚಿನ ಮಾತೆಲ್ಲ ಬ್ರೇಕಿನ ಮೇಲೆ. “ಬ್ರೇಕಿನ ರಬ್ಬರ ಅಂದ್ರ ಬೀಗರಿದ್ದಂಗ. ಹತ್ತರ ಇದ್ರ ತಿಕ್ಕಾಟ, ದೂರ ಇದ್ರ ಉಪಯೋಗಿಲ್ಲ. ನಡುವ ಉಗುರಿನಷ್ಟ ಜಾಗಾ ಇರಬೇಕ” ಎನ್ನುತ್ತಿದ್ದರು. ಯಾರಾದರೂ ಪಂಕ್ಚರ್ ತೆಗೆಸಲು ಬಂದರೆ ಮೊದಲು ಬ್ರೇಕ್ ಒತ್ತಿ ನೋಡಿ ಬಯ್ಯುವುದು, ಆಮೇಲೆ ಪಂಕ್ಚರ್.

ಆ ವರ್ಷ ನನಗೆ ಊರ ಹೊರಗಿನ ತೋಟದ ವಸ್ತಿಯಲ್ಲಿ ಅಂಗನವಾಡಿ ಕೆಲಸ ಸಿಕ್ಕಿತ್ತು. ದಾರಿ ಉದ್ದ, ಎರಡೂ ಬದಿ ಕಬ್ಬು. ನಡೆದು ಹೋದರೆ ಮಕ್ಕಳು ಕಾದು ಮನೆಗೆ ಹೋಗಿಬಿಡುತ್ತಿದ್ದರು. ಹೀಗೇ ಆದರೆ ಬೇರೆಯವರನ್ನು ಹಾಕುತ್ತೇವೆ ಎಂದು ಮೇಲಿನವರು ಹೇಳಿ ಹೋಗಿದ್ದರು. ದತ್ತು ಮಾಮಾ ಹಳೆಯ ಸಾಮಾನು ಜೋಡಿಸಿ ನನಗೊಂದು ಲೇಡೀಸ್ ಸೈಕಲ್ ಮಾಡಿಕೊಟ್ಟರು, ಗದ್ದೆಯ ದಾರಿಯಲ್ಲಿ ಕಲಿಸಿದರು. ಆದರೆ ಅತ್ತೆಯ ಅಪ್ಪಣೆ ಇರಲಿಲ್ಲ. “ಕೈಕಾಲ ಮುರಕೊಂಡ್ರ ನಾ ಅವರವ್ವಗ ಏನ ಹೇಳ್ಲಿ?” ಎನ್ನುತ್ತಿದ್ದರು. ನಿಮ್ಮ ಅಜ್ಜ ತಾಯಿಯ ಎದುರು ಮಾತಾಡುವವರಲ್ಲ. ನಾನಂತೂ ಮೊದಲೇ ಮೂಕಿ.

ಆಯುಧಗಳನ್ನು ಪೂಜಿಸುವ ಖಂಡೇಪೂಜೆಯ ದಿನ ದತ್ತು ಮಾಮಾ ನನ್ನ ಸೈಕಲ್ಲನ್ನು ತೋರಿಸಿ ಅಕ್ಕನಿಗೆ ಪಂಥ ಹಾಕಿದರು. “ಇದ ಸೈಕಲ್ ಮ್ಯಾಲ ಹೊಳಿ ಪಾವಟಿಗಿ ಇಳೀತೇನಿ. ನೆಲಕ್ಕ ಕಾಲ ಹತ್ತಲಿಲ್ಲಂದ್ರ ಹುಡುಗೀನ್ನ ಕೆಲಸಕ್ಕ ಬಿಡಬೇಕ.”

“ಹತ್ತಿದ್ರ ಆ ಮಾತ ಮತ್ತ ತಗೀಬಾರ್ದ ನೋಡ” ಎಂದರು ಅತ್ತೆ.

ಆ ದಿನ ಪಾನಾ, ಇಕ್ಕಳ ಮೊದಲಾದ ಹತ್ಯಾರೆಲ್ಲ ದೇವರ ಮುಂದೆ ಕುಂಕುಮ ಹಚ್ಚಿಸಿಕೊಂಡು ಕೂತಿದ್ದವು. ಮುಟ್ಟುವಂತಿಲ್ಲ. ಮಾಮಾ ಬ್ರೇಕನ್ನು ಒಂದು ಸಲ ಒತ್ತಿದರು. ಗಟ್ಟಿಯಾಗಿಯೇ ಇತ್ತು. ಹ್ಯಾಂಡಲ್ಲಿನ ಚೆಂಡುಹೂವಿನ ಮಾಲೆಯನ್ನು ತೆಗೆದು ಕೊರಳಿಗೆ ಹಾಕಿಕೊಂಡು ಹೊಳೆಗೆ ಹೊರಟರು. ಹಿಂದೆ ಅರ್ಧ ಊರು.

ಕಲ್ಲಿನ ಮೆಟ್ಟಿಲುಗಳಲ್ಲಿ ಮೊದಲ ಕೆಲವನ್ನು ಟಪ್, ಟಪ್ ಎಂದು ಇಳಿದು, ಒಂದೊಂದರ ಮೇಲೂ ನಿಂತು ನಮ್ಮ ಕಡೆ ನೋಡಿ ನಕ್ಕರು. ನಡುವಿನದರ ಮೇಲೆ ಸೈಕಲ್ ನಿಲ್ಲಲಿಲ್ಲ. ಬ್ರೇಕ್ ಹಿಡಿದೇ ಇದ್ದರು, ಗಾಲಿ ಮಾತ್ರ ಜಾರುತ್ತಲೇ ಹೋಯಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು “ಅಯ್ಯಯ್ಯೋ” ಎಂದು ಬದಿಗೆ ಹಾರಿದರು. ಸೈಕಲ್ಲು, ಮಾಮಾ, ಮಾಲೆ ಎಲ್ಲ ಕೃಷ್ಣೆಯ ಪಾಲು.

ಎದೆಮಟ್ಟ ನೀರಿನಲ್ಲಿ ಎದ್ದು ನಿಂತು ಮೊದಲು ಕೂಗಿದ್ದು, “ಅಕ್ಕಾ, ನೆಲಕ್ಕ ಹತ್ತಿಲ್ಲ! ನೀರಿಗಿ ಹತ್ತೇತಿ!”

“ಬಾಡ್ಯಾ, ಮೊದಲ ಮ್ಯಾಲ ಬಾ!” ಅತ್ತೆ ನಗುವುದೋ ಅಳುವುದೋ ತಿಳಿಯದೆ ಸೆರಗು ಕಚ್ಚಿದರು.

ಸೈಕಲ್ಲನ್ನೂ ಎಳೆದುಕೊಂಡು ಮೇಲೆ ಬಂದು ಮಾಮಾ ಗಾಲಿಯ ರಿಮ್ಮನ್ನು ಸವರಿ ಬೆರಳು ಮೂಸಿದರು. “ಶೇಂಗಾ ಎಣ್ಣಿ! ಇದನ್ನ ಯಾರ ಹಚ್ಚಿದ್ರು?”

“ಹಬ್ಬದ ದಿನ ಸೈಕಲ್ಲಿಗಿ ಒಣಾ ಮೈಲೆ ಹ್ಯಾಂಗ ಪೂಜಿ ಮಾಡ್ಲೆಪಾ? ಮುಂಜಾನೆ ತೊಳದು ನಾನ ತಿಕ್ಕೇನಿ” ಎಂದರು ಅತ್ತೆ. ಆಮೇಲೆ ಮುಖ ಸಣ್ಣದಾಯಿತು. “ನನ್ನ ಸೊಸಿ ಕುಂತಿದ್ರ ಏನ ಆಗ್ತಿತ್ತು? ಬ್ಯಾಡ. ಬ್ಯಾಡಂದ್ರ ಬ್ಯಾಡ.”

ನನ್ನ ಕೆಲಸ ಹೋಯಿತು ಎಂದುಕೊಂಡೆ.

ಮಾಮಾ ಮನೆಗೆ ಬಂದು ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿದರು. ಒಲೆಯ ಬೂದಿ ತಂದು ಅತ್ತೆಯ ಮುಂದಿಟ್ಟರು. “ಬೂದಿಗಿ ಇವತ್ತ ಪೂಜಿ ಇಲ್ಲ. ಹಚ್ಚಿದಾಕಿ ನೀ, ತಗಿಯಾಕೀನೂ ನೀನ.” ಅತ್ತೆ ಗೊಣಗುತ್ತ ಹಿತ್ತಾಳೆ ಕೊಡ ಬೆಳಗಿದಂತೆ ರಿಮ್ಮು ಬೆಳಗಿದರು. ರಬ್ಬರುಗಳ ಮುಖವನ್ನೂ ತಿಕ್ಕಿಸಿ, ಒಣ ಅರಿವೆಯಿಂದ ಒರೆಸಿಸಿ, ಮಾಮಾ ಗಾಲಿಯನ್ನು ಜೋರಾಗಿ ತಿರುಗಿಸಿದರು. “ಈಗ ನೀ ಹಿಡಿ.”

ಅತ್ತೆ ಬ್ರೇಕ್ ಒತ್ತಿದರು. ಗಾಲಿ ಗಪ್ಪನೆ ನಿಂತಿತು. ಮಾಮಾ ಎರಡೂ ಕೈಯಿಂದ ಎಳೆದರೂ ಮಿಸುಕಲಿಲ್ಲ. ಅತ್ತೆಗೆ ಖುಷಿಯಾಗಿ, “ಇನ್ನೊಮ್ಮೆ ತಿರುಗಸ” ಎಂದರು. ಮತ್ತೆ ಹಿಡಿದರು. ಮತ್ತೆ.

ಮಾಮಾ ನನ್ನ ಕಡೆ ತಿರುಗಿದರು. “ಇನ್ನ ನಾ ಕೇಳಂಗಿಲ್ಲವಾ. ಕೆಲಸ ನಿಂದು, ಬಾಯೀನೂ ನಿಂದು.”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. “ಅತ್ತೀ, ನಾ ಹೋಗ್ಲೇನ್ರಿ?” ಎಂದೆ. ಆ ಮನೆಯಲ್ಲಿ ನಾನು ನನಗಾಗಿ ಕೇಳಿದ ಮೊದಲ ಮಾತು ಅದು.

ಅತ್ತೆ ಬ್ರೇಕ್ ಬಿಡದೆಯೇ ಹೇಳಿದರು: “ನಾಳೆ ದಸರಾ, ಸೀಮಿ ದಾಟೋ ದಿನ. ವಸ್ತಿತನಕಾ ಹೋಗಿ ಬಾ. ಆದ್ರ ಈ ಸೀರಿ ಗಾಲ್ಯಾಗ ಸಿಕ್ಕೀತು.” ಮರುದಿನ ಬೆಳಿಗ್ಗೆ ತಮ್ಮದೇ ಉದ್ದನೆಯ ಸೀರೆ ತಂದು, ತಮ್ಮ ಕೈಯಾರೆ ನನಗೆ ಕಚ್ಚೆ ಹಾಕಿ ಉಡಿಸಿದರು.

ನಿವೃತ್ತಿಯವರೆಗೆ ನಾನು ಆ ಕೆಲಸ ಮಾಡಿದೆ. ನಿಮ್ಮ ಅಪ್ಪ ಓದಿದ್ದು ಅದರಿಂದಲೇ.

ದತ್ತು ಮಾಮಾನನ್ನು ಕೊನೆಯ ಸಲ ನೋಡಿದ್ದು ಅವರ ಹೊಲದ ಮನೆಯಲ್ಲಿ. ಮೊಣಕಾಲು ಹೋಗಿ ಹೊರಸು ಹಿಡಿದಿದ್ದರು. ತಮ್ಮನನ್ನು ನೋಡಬೇಕೆಂದು ಅತ್ತೆ ಹಟ ಹಿಡಿದರು. ಗಾಡಿ ಸಿಗಲಿಲ್ಲ. ನಾನು ಅವರನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋದೆ. ಮಾಮಾ ಹೊರಸಿನಿಂದಲೇ ನೋಡಿ, “ಅಂಜಿಕಿ ಬರಲಿಲ್ಲೇನ ಅಕ್ಕಾ?” ಎಂದು ನಕ್ಕರು.

“ಸೈಕಲ್ ಹೊಡ್ಯಾಕತ್ತಾಕಿ ನನ್ನ ಸೊಸಿ. ನೀ ಅಲ್ಲ” ಎಂದರು ಅತ್ತೆ.

ಅಕ್ಕತಮ್ಮ ಸಂಜೆಯವರೆಗೆ ಮಾತಾಡಿದರು. ಹೊರಡುವಾಗ ಮಾಮಾ ನನ್ನ ತಲೆಯ ಮೇಲೆ ಕೈಯಿಟ್ಟರು. ಹದಿನೈದು ದಿನದೊಳಗೆ ಹೋಗಿಬಿಟ್ಟರು.

ಆ ಸಂಜೆ ತಿರುಗಿ ಬರುವಾಗ ಒಡ್ಡಿನ ಇಳಿಜಾರು ಬಂತು. “ಅತ್ತೀ, ಇಳೀತೀರೇನ್ರಿ?” ಎಂದೆ.

ಹಿಂದಿನಿಂದ ನನ್ನ ನಡುವನ್ನು ಹಿಡಿದಿದ್ದ ಕೈ ಸಡಿಲವಾಗಲೂ ಇಲ್ಲ, ಬಿಗಿಯಾಗಲೂ ಇಲ್ಲ.

“ಯಾಕ, ಬ್ರೇಕ್ ಇಲ್ಲೇನ?” ಎಂದರು.