ಕ್ಲಾಸಿನಲ್ಲಿ ಪಾಠ ಮಾಡದ ವಾರಿಜಕ್ಕ

ವಾರಿಜಕ್ಕನ ಕ್ಲಾಸಿನಲ್ಲಿ ವಾರಿಜಕ್ಕನನ್ನು ಹುಡುಕಬೇಕಿತ್ತು. ಬಾಗಿಲಲ್ಲಿ ನಿಂತು ನೋಡಿದರೆ ಬೋರ್ಡಿನ ಮುಂದೆ ಯಾರೂ ಇಲ್ಲ, ಕುರ್ಚಿ ಖಾಲಿ, ಮಕ್ಕಳೆಲ್ಲ ಗುಜುಗುಜು ಮಾತಾಡುತ್ತಿರುತ್ತಿದ್ದರು. ಸ್ವಲ್ಪ ಹೊತ್ತು ಕಣ್ಣಾಡಿಸಿದ ಮೇಲೆ ಯಾವುದೋ ಬೆಂಚಿನ ಪಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುಕ್ಕರಗಾಲಲ್ಲಿ ಕೂತು, ಒಂದು ಮಗುವಿನ ಲೆಕ್ಕದ ಮೇಲೆ ಬಗ್ಗಿರುವ ಹೆಂಗಸು ಕಾಣುತ್ತಿದ್ದರು. ರೌಂಡಿಗೆ ಬಂದ ಪ್ರಿನ್ಸಿಪಾಲರು ಒಮ್ಮೆ ಹಾಗೆ ಆಕೆಯನ್ನು ಕಾಣದೆ, ಮೇಡಂ ಬಂದಿಲ್ಲವೆಂದುಕೊಂಡು ನನ್ನನ್ನು ಆ ಕ್ಲಾಸಿಗೆ ಅಟ್ಟಿದರು. ನಾನು ಸಮಾಜ ವಿಜ್ಞಾನದ ಪುಸ್ತಕ ಹಿಡಿದು ಒಳಗೆ ಹೋದರೆ ಆಕೆ ನೆಲದಿಂದ ತಲೆಯೆತ್ತಿ, "ಎಂತ ಶಾರದಾ, ದಾರಿ ತಪ್ಪಿತಾ?" ಅಂದರು.

ಇದು ದಿಲ್ಲಿಯ ಮಾತು, ಎರಡು ಸಾವಿರದ ಎಂಟರ ಆಸುಪಾಸಿನದು. ನನ್ನ ಯಜಮಾನರಿಗೆ ಕೇಂದ್ರ ಸರ್ಕಾರದ ಕೆಲಸ, ಆರ್.ಕೆ.ಪುರಂನಲ್ಲಿ ಕ್ವಾರ್ಟರ್ಸು. ಹತ್ತಿರದ ಶಾಲೆಯೊಂದರಲ್ಲಿ ನಾನು ಟೀಚರು, ನನ್ನ ಮಗಳು ದೀಪ್ತಿ ಅಲ್ಲೇ ಒಂಬತ್ತನೇ ಕ್ಲಾಸು. ವಾರಿಜಕ್ಕ ಅವಳಿಗೆ ಗಣಿತ ಹೇಳಿಕೊಡುತ್ತಿದ್ದರು. ಕುಂದಾಪುರದ ಕಡೆಯವರು, ನನಗಿಂತ ಐದಾರು ವರ್ಷ ದೊಡ್ಡವರು. ಅವರ ಯಜಮಾನರು ನಮ್ಮ ಸೆಕ್ಟರಿನ ಮಾರ್ಕೆಟ್ಟಿನಲ್ಲಿ ದೋಸೆ ಇಡ್ಲಿಯ ಹೋಟೆಲು ನಡೆಸುತ್ತಿದ್ದರು. ಮನೆ ಮಾತ್ರ ದೂರದ ರೋಹಿಣಿಯಲ್ಲಿ. ಗಂಡ ಹೆಂಡತಿ ಇಬ್ಬರೂ ಬೆಳಕು ಹರಿಯುವ ಮೊದಲೇ ಹೊರಟು ಬಸ್ಸಿನಲ್ಲಿ ತೂಕಡಿಸುತ್ತ ಬರುತ್ತಿದ್ದರು.

ಅವರ ಪಾಠದ ಕ್ರಮಕ್ಕೆ ಈಗ ಇಂಗ್ಲಿಷಿನಲ್ಲಿ ಏನೋ ದೊಡ್ಡ ಹೆಸರಿದೆಯಂತೆ. ಆಗ ನಮ್ಮ ಸ್ಟಾಫ್ ರೂಮಿನಲ್ಲಿ ಅದಕ್ಕೆ 'ಉಲ್ಟಾ ಕ್ಲಾಸ್' ಅಂತ ಹೆಸರಿಟ್ಟು ನಗುತ್ತಿದ್ದರು. ಎಲ್ಲರೂ ಶಾಲೆಯಲ್ಲಿ ಪಾಠ ಮಾಡಿ ಮನೆಗೆ ಲೆಕ್ಕ ಕೊಟ್ಟರೆ, ಆಕೆ ಮನೆಗೆ ಪಾಠ ಕಳಿಸಿ ಶಾಲೆಯಲ್ಲಿ ಲೆಕ್ಕ ಮಾಡಿಸುತ್ತಿದ್ದರು. ಪಾಠವನ್ನು ಮೈದುನನ ವಿಡಿಯೋ ಕ್ಯಾಮೆರಾದಲ್ಲಿ ಹಿಡಿದು, ಸಿಡಿ ಮಾಡಿಸಿ ಮಕ್ಕಳಿಗೆ ಹಂಚುತ್ತಿದ್ದರು. ಮನೆಯಲ್ಲಿ ನೋಡಲು ಅನುಕೂಲವಿಲ್ಲದವರು ಶಾಲೆ ಬಿಟ್ಟ ಮೇಲೆ ಹೋಟೆಲಿನ ಮೂಲೆಯ ಟಿವಿಯಲ್ಲಿ ನೋಡಬಹುದಿತ್ತು. ಇದೆಲ್ಲ ಯಾಕೆ ಬೇಕಿತ್ತು ಎಂದು ನಾನು ರೇಗಿದಾಗ ಆಕೆ ಹೇಳಿದ್ದು ಇಷ್ಟು: "ಹಿಟ್ಟು ಮನೆಯಲ್ಲಿ ರುಬ್ಬಿಕೊಳ್ಳಲಿ ಮಾರಾಯ್ತಿ, ಅದಕ್ಕೆ ನಾನ್ಯಾಕೆ? ದೋಸೆ ಕಾವಲಿಗೆ ಅಂಟುವಾಗ ನಾನು ಪಕ್ಕದಲ್ಲಿರಬೇಕು. ಲೆಕ್ಕ ಅಂಟುವುದು ರಾತ್ರಿ ಮನೆಯಲ್ಲಿ, ನಾನಿರುವುದು ಹಗಲು ಶಾಲೆಯಲ್ಲಿ. ಇದೆಂತ ವ್ಯವಸ್ಥೆ?"

ಶೂಟಿಂಗು ನಡೆಯುತ್ತಿದ್ದುದು ಹೋಟೆಲಿನ ಹಿಂದಿನ ಸ್ಟೋರಿನಲ್ಲಿ. ಅಕ್ಕಿ ಮೂಟೆಗಳ ಮೇಲೆ ಬೋರ್ಡು ನಿಲ್ಲಿಸಿ, ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಶುರು. ಮುಗಿದಿದೆ ಎಂದುಕೊಂಡರೂ ಮುಗಿದಿರುತ್ತಿರಲಿಲ್ಲ. ತ್ರಿಭುಜದ ಪ್ರಮೇಯ ಅರ್ಧಕ್ಕೆ ಬಂದಾಗ ಹೊರಗಿನಿಂದ "ಏಕ್ ಮಸಾಲಾ, ದೋ ಸಾದಾ" ಎಂಬ ಕೂಗು ಕೇಳಿಸುತ್ತಿತ್ತು. ಇನ್ನೊಮ್ಮೆ ತೆಗೆಯಿರಿ ಅಂದರೆ ಕೇಳುವವರಲ್ಲ. ಲೆಕ್ಕ ಸರಿಯಿದೆಯಲ್ಲ, ಸಾಕು ಎನ್ನುವರು. ಪಾಠದ ನಡುವೆ ಅಲ್ಲಲ್ಲಿ, ಇಲ್ಲಿ ಸಿಡಿ ನಿಲ್ಲಿಸಿ, ಮುಂದಿನದನ್ನು ನೀವೇ ಮಾಡಿ ನೋಡಿ ಎಂದು ಹೇಳುತ್ತಿದ್ದರು. ಎಲ್ಲಿ ಸಿಕ್ಕಿಕೊಂಡಿರೋ ಅಲ್ಲಿಗೆ ಗುರುತು ಹಾಕಿಕೊಂಡು ಕ್ಲಾಸಿಗೆ ಬರಬೇಕು, ಅಷ್ಟೇ ಹೋಂವರ್ಕು.

ನಾನು ಮೊದಲು ನಂಬಲಿಲ್ಲ. ಆದರೆ ಲೆಕ್ಕದ ಪುಸ್ತಕ ಕಂಡರೆ ಹೊಟ್ಟೆನೋವು ಬರುತ್ತಿದ್ದ ದೀಪ್ತಿ ಒಂದು ಸಂಜೆ ಅಡುಗೆಮನೆಗೆ ಬಂದು, ಯಾರನ್ನೂ ಕೇಳದೆ ತಾನೇ ಬಿಡಿಸಿದ ಲೆಕ್ಕವನ್ನು ನನಗೆ ಹೇಳಿಕೊಡಲು ಕೂತಳು. ಅರ್ಧ ಹಿಂದಿ, ಅರ್ಧ ಕನ್ನಡ, ಕೈಯಲ್ಲಿ ಪೆನ್ಸಿಲು. ನನಗೆ ಲೆಕ್ಕ ಅರ್ಥವಾಗಲಿಲ್ಲ. ಮಗಳ ಮುಖ ನೋಡಿ ಬಹಳ ಸಂತೋಷವಾಯಿತು. ಅಂದಿನಿಂದ ನಾನು ಉಲ್ಟಾ ಕ್ಲಾಸಿನ ವಕೀಲಳಾದೆ. ವಾರ್ಷಿಕ ಪರೀಕ್ಷೆಯವರೆಗೆ ಇದು ಹೀಗೇ ನಡೆದುಬಿಟ್ಟರೆ ಸಾಕು ಎಂದು ದೇವರಿಗೆ ಕೈಮುಗಿಯುತ್ತಿದ್ದೆ.

ನಡೆಯಲಿಲ್ಲ. ದಿಲ್ಲಿಯಲ್ಲಿ ಮಕ್ಕಳು ಓದುವುದು ಟ್ಯೂಷನ್ನಿನಲ್ಲಿ. ಶಾಲೆಗೆ ಬರುವುದು ಹಾಜರಿಗೆ. ನಮ್ಮ ದೀಪ್ತಿಯೊಬ್ಬಳನ್ನು ಬಿಟ್ಟರೆ ಸೆಕ್ಟರಿನ ಮಕ್ಕಳೆಲ್ಲ ಮಾರ್ಕೆಟ್ಟಿನ ಮಹಡಿಯ ಮೇಲೆ ಸೇಠಿ ಎಂಬುವರ ಟ್ಯೂಷನ್ನಿಗೆ ಹೋಗುತ್ತಿದ್ದರು. ಮನೆಯಲ್ಲಿ ಕೂತು ಮಗ ಟಿವಿ ನೋಡುವುದೆಂದರೆ ತಂದೆತಾಯಿಗಳಿಗೆ ಕಿರಿಕಿರಿ. ಅದೇನು ಸಿಡಿಯೋ, ಸೇಠಿ ಸರ್‌ಗೇ ಕೊಡು, ಅವರೇ ನೋಡಿಕೊಳ್ಳುತ್ತಾರೆ ಎಂದು ಮಕ್ಕಳ ಕೈಯಲ್ಲಿ ಕೊಟ್ಟು ಕಳಿಸಿದರು. ಮನೆಯಲ್ಲಿ ನೋಡಲೆಂದು ಕೊಟ್ಟ ಪಾಠವನ್ನು ಟ್ಯೂಷನ್ ಮೇಷ್ಟರಿಗೆ ಒಪ್ಪಿಸುವ ಬುದ್ಧಿ ನಮ್ಮ ದಿಲ್ಲಿಯವರಿಗಲ್ಲದೆ ಇನ್ಯಾರಿಗೆ ಬರಬೇಕು? ಗೆಳತಿಯ ಜೊತೆ ಒಂದು ದಿನ ಅಲ್ಲಿಗೆ ಹೋಗಿದ್ದ ದೀಪ್ತಿ ಬಂದು ಹೇಳಿದಳು: "ಮಮ್ಮಿ, ಸೇಠಿ ಸರ್ ಹತ್ರ ನಮ್ಮ ಮ್ಯಾಮ್‌ದು ವಹೀ ಸಿಡಿ ಚಲ್ತೀ ಹೈ. ಮಸಾಲಾ ದೋಸೆ ಕೂಗೋದೂ ಬರತ್ತೆ."

ನನಗೆ ಮೈಯೆಲ್ಲ ಉರಿಯಿತು. ಮರುದಿನ ಸ್ಟಾಫ್ ರೂಮಿನಲ್ಲಿ ಹೇಳಿದರೆ ವಾರಿಜಕ್ಕ ಚಹಾ ಕುಡಿಯುತ್ತ, ನೋಡಲಿ ಬಿಡು, ಎಲ್ಲಿ ನೋಡಿದರೇನು ಅಂದರು.

ಆಮೇಲೆ ಬಂತು ಪೋಷಕರ ಸಭೆ. ಆ ಸಲದ ಟೆಸ್ಟಿನಲ್ಲಿ ಒಂಬತ್ತನೇ ಕ್ಲಾಸಿನ ಅಂಕಗಳು ಚೆನ್ನಾಗಿ ಏರಿದ್ದವು. ಹಾರ ತುರಾಯಿ ಬೇಡ, ಒಂದು ಒಳ್ಳೆಯ ಮಾತಾದರೂ ಬರುತ್ತದೆಂದು ನಾನು ಆಕೆಯ ಪಕ್ಕವೇ ಕೂತಿದ್ದೆ. ಯಾವುದೋ ಮಂತ್ರಾಲಯದ ಸೆಕ್ಷನ್ ಆಫೀಸರೊಬ್ಬರು ಎದ್ದು ನಿಂತರು. ಮಗನ ಕಾಪಿಯಲ್ಲಿ, ಅಂದರೆ ನೋಟ್‌ಬುಕ್ಕಿನಲ್ಲಿ, ನೋಟ್ಸೇ ಇಲ್ಲ, ಇರುವುದೆಲ್ಲ ಹೊಡೆದುಹಾಕಿದ ತಪ್ಪು ಲೆಕ್ಕ, ಮೇಡಂ ಕ್ಲಾಸಿನಲ್ಲಿ ಪಾಠವನ್ನೇ ಮಾಡುವುದಿಲ್ಲವಂತೆ ಎಂದು ದೂರಿದರು. ಅಂಕ ಬಂದಿದೆಯಲ್ಲ ಎಂದು ಪ್ರಿನ್ಸಿಪಾಲರು ಕೇಳಿದ್ದಕ್ಕೆ, ಅದು ಸೇಠಿ ಸರ್ ಕೃಪೆ ಅಂದರು. ಸೇಠಿ ಸರ್ ವಿಡಿಯೋ ತೋರಿಸಿ ಹೊಸ ರೀತಿಯಲ್ಲಿ ಕಲಿಸುತ್ತಾರಂತೆ. ಕೊನೆಗೆ ವಾರಿಜಕ್ಕನ ಕಡೆ ತಿರುಗಿ ಬಹಳ ವಿನಯದಿಂದ, "ಮೇಡಂ, ಆಪ್ ಭೀ ಏಕ್ ಬಾರ್ ಜಾಕರ್ ದೇಖ್ ಲೀಜಿಯೇ" ಅಂದರು.

ಹೋಗಿ ನೋಡಿ ಕಲಿತುಕೊಳ್ಳಬೇಕಂತೆ. ತಾನೇ ಮಾಡಿದ ಪಾಠವನ್ನು!

ನಾನು ಬಾಯಿ ತೆರೆಯುವಷ್ಟರಲ್ಲಿ ವಾರಿಜಕ್ಕ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಆಯಿತು, ನೋಡುತ್ತೇನೆ ಎಂದು ತಲೆಯಾಡಿಸಿದರು. ಹೊರಗೆ ಬಂದ ಮೇಲೆ ನಾನು ಅಕ್ಷರಶಃ ಜಗಳಕ್ಕೆ ನಿಂತೆ. ಆಕೆ, "ಲೆಕ್ಕ ಬಂತಲ್ಲ ಮಕ್ಕಳಿಗೆ. ಯಾರ ಹೆಸರಲ್ಲಿ ಬಂದರೆಂತ?" ಅಂದರು. ಇಂಥ ಒಳ್ಳೆಯತನ ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಆಕೆ ಆ ದಿನ ಒಂದು ಮಾತು ಹೇಳಿದ್ದರೆ ಎಲ್ಲ ಸರಿಹೋಗುತ್ತಿತ್ತೋ ಏನೋ. ಪ್ರಿನ್ಸಿಪಾಲರಿಗೆ ನಾನು ನಂತರ ಹೋಗಿ ಎಲ್ಲ ವಿವರಿಸಿದೆ. ಅವರು ಕೇಳಿಸಿಕೊಂಡು, ಅದೆಲ್ಲ ನಿಜವಿರಬಹುದು, ಆದರೆ ಪೋಷಕರಿಗೆ ಟೀಚರು ಬೋರ್ಡಿನ ಮುಂದೆ ಕಾಣಬೇಕು, ಕಾಪಿ ತುಂಬಿರಬೇಕು ಅಂದರು. ಮರುದಿನದಿಂದ ಸಿಡಿ ಬಂದ್.

ವಾರಿಜಕ್ಕ ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಂತರು. ಅಂದವಾಗಿ ಬರೆದರು, ಮಕ್ಕಳು ಅಂದವಾಗಿ ನಕಲು ಮಾಡಿಕೊಂಡರು, ಕ್ಲಾಸು ಸದ್ದಿಲ್ಲದಾಯಿತು, ಪ್ರಿನ್ಸಿಪಾಲರು ಖುಷಿಯಾದರು. ರಾತ್ರಿ ದೀಪ್ತಿ ಪುಸ್ತಕದ ಮುಂದೆ ಮತ್ತೆ ಉಗುರು ಕಚ್ಚುತ್ತ ಕೂತಳು. "ಮ್ಯಾಮ್ ಮಾಡುವಾಗ ಸಬ್ ಸಮಝ್ ಆತಾ ಹೈ ಮಮ್ಮಿ, ಮನೇಲಿ ಬರಲ್ಲ" ಎಂದು ಅತ್ತಳು. ಅವಳ ಪಕ್ಕ ಕೂತು ಲೆಕ್ಕ ಹೇಳಿಕೊಡಲು ನನಗೆ ಬರುತ್ತಿರಲಿಲ್ಲ.

ವಾರ್ಷಿಕ ಪರೀಕ್ಷೆ ಮುಗಿಯುವ ಹೊತ್ತಿಗೆ ವಾರಿಜಕ್ಕನ ಯಜಮಾನರು ಹೋಟೆಲನ್ನು ತಮ್ಮನಿಗೆ ಬಿಟ್ಟು, ಚಂಡೀಗಢದಲ್ಲಿ ಹೊಸದನ್ನು ತೆರೆಯುವುದೆಂದು ತೀರ್ಮಾನವಾಯಿತು. ಹೊರಡುವ ಮೊದಲು ಆಕೆ ನನ್ನನ್ನು ಸೇಠಿಯವರ ಟ್ಯೂಷನ್ನಿಗೆ ಎಳೆದುಕೊಂಡು ಹೋದರು. ಈಗಲಾದರೂ ಜಗಳವಾಡುತ್ತಾರೆಂದು ನಾನು ಉತ್ಸಾಹದಿಂದಲೇ ಮೆಟ್ಟಿಲು ಹತ್ತಿದೆ. ಆಕೆಗಿದ್ದ ಕುತೂಹಲ ಬೇರೆ. ಹೊಸ ಶಾಲಾ ವರ್ಷದ ಮಕ್ಕಳು ಸೇಠಿಯವರ ಹತ್ತಿರವೇ ಉಳಿದಿದ್ದ ಆ ಸಿಡಿಯನ್ನು ಹೇಗೆ ನೋಡುತ್ತಾರೆ ಎಂದು ತಿಳಿಯಬೇಕಿತ್ತು, ಅಷ್ಟೇ.

ಪರದೆ ಎಳೆದ ಕೋಣೆಯ ತುಂಬ ಬೇರೆ ಬೇರೆ ಶಾಲೆಗಳ ಮಕ್ಕಳು. ಟಿವಿಯೊಳಗೆ ವಾರಿಜಕ್ಕ, ಹಿಂದೆ ಅಕ್ಕಿ ಮೂಟೆ. ಇಲ್ಲಿ ನಿಲ್ಲಿಸಿ, ನೀವೇ ಮಾಡಿ ನೋಡಿ ಎಂದು ಟಿವಿ ಹೇಳುವಷ್ಟರಲ್ಲಿ ಸೇಠಿ ರಿಮೋಟು ಒತ್ತಿ ಸಿಡಿಯನ್ನು ಮುಂದಕ್ಕೆ ಓಡಿಸಿದರು. ವಾರಿಜಕ್ಕ ತಡೆಯಲಾರದೆ, ಅಲ್ಲಿ ಸ್ವಲ್ಪ ನಿಲ್ಲಿಸಬೇಕು ಭಾಯಿಸಾಬ್ ಅಂದರು. ಮುಂದೆಯೇ ಉತ್ತರವಿದೆಯಲ್ಲ, ಸುಮ್ಮನೆ ಟೈಮ್ ಯಾಕೆ ಹಾಳು ಎಂದು ಆತ ನಕ್ಕರು. ಟಿವಿಯೊಳಗಿನವರೇ ಬಾಗಿಲಲ್ಲಿ ನಿಂತಿದ್ದಾರೆಂದು ಆ ಮಬ್ಬಿನಲ್ಲಿ ಗುರುತು ಹತ್ತಲಿಲ್ಲ, ಯಾವ ಮಗುವಿನ ತಾಯಿಯೆಂದುಕೊಂಡರೋ ಏನೋ. ಆದರೂ ಮರ್ಯಾದಸ್ಥ ಮನುಷ್ಯ, ಮುಂದಿನ ಲೆಕ್ಕಕ್ಕೆ ನಿಲ್ಲಿಸಿದರು.

ಹೆಚ್ಚಿನವರು ಪೆನ್ನು ಹಿಡಿದು ಟಿವಿಯನ್ನೇ ಕಾಯುತ್ತಿದ್ದರು. ಮೂಲೆಯ ಒಬ್ಬ ಹುಡುಗಿ ಮಾತ್ರ ಏನೋ ಗೀಚಿದಳು, ಹೊಡೆದುಹಾಕಿದಳು, ಮತ್ತೆ ಗೀಚಿದಳು. ಆಮೇಲೆ ತಲೆಯೆತ್ತಿ, ಬಾಗಿಲಲ್ಲಿದ್ದ ನಮ್ಮನ್ನೇ ನೋಡುತ್ತ, "ಆಂಟಿ, ಯಹಾಂ ತಕ್ ತೋ ಆ ಗಯಾ..." ಅಂದಳು. ಇಲ್ಲಿಯವರೆಗೆ ಬಂತು, ಮುಂದಿನದು ತಿಳಿಯಲಿಲ್ಲವಂತೆ. ವಾರಿಜಕ್ಕ ಚಪ್ಪಲಿಯನ್ನು ಅಲ್ಲೇ ಬಿಟ್ಟು, ಮಕ್ಕಳ ನಡುವೆ ದಾರಿ ಮಾಡಿಕೊಂಡು ಹೋಗಿ, ಸೆರಗು ಸಿಕ್ಕಿಸಿ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತರು. ಅವಳ ಲೆಕ್ಕದ ಮೇಲೆ ಬೆರಳಿಟ್ಟು ಏನೋ ಕೇಳಲು ಬಾಯಿ ತೆರೆದರು.

ಅಷ್ಟರಲ್ಲಿ ಸೇಠಿ ತಡೆಯಲಾರದೆ ರಿಮೋಟು ಒತ್ತಿದರು. ಟಿವಿಯೊಳಗಿನ ವಾರಿಜಕ್ಕ ದೊಡ್ಡ ಧ್ವನಿಯಲ್ಲಿ ಉತ್ತರ ಹೇಳಿದರು. ಹುಡುಗಿ ಟಿವಿಯ ಕಡೆ ಮುಖ ತಿರುಗಿಸಿ ಅದನ್ನು ಬರೆದುಕೊಂಡಳು.